ಮಸುಕು ಗೆರೆ

ತನ್ನ ಬೆರಳುಗಳಲ್ಲಿ ಅರಿಶಿನ ಇನ್ನೂ ಉಳಿದಿದೆಯೇನೋ ಎಂಬ ಅನುಮಾನ ಹಿಮಬಿಂದುವನ್ನು ಶ್ರಾವಣದಿಂದ ಬಿಟ್ಟಿರಲಿಲ್ಲ. ಯಾರ ಮುಂದೂ ಹೇಳಿಕೊಳ್ಳುವಂಥದ್ದಲ್ಲ. ಎಂ.ಎಸ್ಸಿ. ಮುಗಿಸಿದವಳು, ದಿನವೂ ಗ್ಲೌಸು ತೊಟ್ಟು ಕೆಲಸ ಮಾಡುವವಳು, ವರಲಕ್ಷ್ಮಿ ವ್ರತಕ್ಕೆ ಹಚ್ಚಿದ ಅರಿಶಿನ ಕಾರ್ತಿಕದವರೆಗೂ ಉಗುರಿನ ಸಂದಿಯಲ್ಲಿ ಕೂತಿದೆ ಎಂದು ನಂಬುವುದೆಂದರೆ! ನಿನ್ನೆ ಡೈರಿ ತೆರೆದು 'ನನ್ನ ಕೈ' ಎಂದಷ್ಟೇ ಬರೆದು, ಮುಂದಿನದನ್ನು ಕಾಗದಕ್ಕೆ ಹೇಳಲೂ ನಾಚಿಕೆಯಾಗಿ ಮುಚ್ಚಿಟ್ಟಿದ್ದಳು. ಈಗ ವಿಜಯವಾಡದ ದೊಡ್ಡಮ್ಮ ಸೀತಾಮಹಾಲಕ್ಷ್ಮಿಯ ಮನೆಯ ಹಿತ್ತಿಲ ನಲ್ಲಿಯ ಕೆಳಗೆ ಮತ್ತೊಮ್ಮೆ ಸೋಪು ಉಜ್ಜಿ, ಇಂದ್ರಕೀಲಾದ್ರಿಯ ಬಂಡೆಯ ಮೇಲಿಂದ ಇಳಿದು ಬರುತ್ತಿದ್ದ ಬೆಳಗಿನ ಬಿಸಿಲಿಗೆ ಕೈ ಹಿಡಿದು ನೋಡಿದಳು. ಬೆರಳು ಬೆರಳಿನ ಬಣ್ಣದಲ್ಲೇ ಇತ್ತು. ಆದರೆ ಬಿಸಿಲನ್ನು ನಂಬುವಂತಿಲ್ಲ. ಬಿಸಿಲಿಗೆ ಕಾಣದ್ದು ಬೇರೆ ದೀಪಕ್ಕೆ ಕಾಣುತ್ತದೆ. "ಎಷ್ಟು ಸಲ ತೊಳೀತೀಯೇ ಬಂಗಾರಂ, ಆಪರೇಷನ್ ಮಾಡೋದಕ್ಕೆ ಹೊರಟವಳ ಹಾಗೆ?" ಎಂದು ದೊಡ್ಡಮ್ಮ ತೆಲುಗಿನಲ್ಲಿ ಒಳಗಿನಿಂದ ಕೂಗಿದಳು. "ಪೆಸರಟ್ಟು ಆರಿ ಹೋಗ್ತಿದೆ. ನಿಮ್ಮಪ್ಪ ಆಗಲೇ ಮೂರನೇದಕ್ಕೆ ಕೈ ಹಾಕಿದಾರೆ, ನೇವಿಯಲ್ಲಿ ಇವರಿಗೆ ಅನ್ನ ಹಾಕ್ತಿರಲಿಲ್ಲವೋ ಏನೋ."

ಆ ಬೇರೆ ದೀಪ ವಿಶಾಖಪಟ್ಟಣದ ಲ್ಯಾಬಿನ ಕತ್ತಲೆ ಮೂಲೆಯಲ್ಲಿತ್ತು. ಎರಡು ಸಾವಿರದ ಹದಿನೇಳರ ಆ ಶ್ರಾವಣದಲ್ಲಿ, ವ್ರತ ಮುಗಿದ ಸೋಮವಾರ, ಅವಳು ಮೊದಲ ಬಾರಿಗೆ ತಮ್ಮ ವೈರಸ್ಸಿನ ಡಿಎನ್ಎಯನ್ನು ಕಿಣ್ವದಿಂದ ತುಂಡರಿಸಿ ಜೆಲ್ಲಿನಲ್ಲಿ ಓಡಿಸಿದ್ದಳು. ಜೆಲ್ಲೆಂದರೆ ತೆಳ್ಳಗೆ ಹೆಪ್ಪುಗಟ್ಟಿದ ಒಂದು ಹಾಳೆ; ಕರೆಂಟು ಕೊಟ್ಟರೆ ಡಿಎನ್ಎಯ ಗಿಡ್ಡ ತುಂಡುಗಳು ಮುಂದೆ ಓಡಿ, ಉದ್ದನೆಯವು ಹಿಂದುಳಿದು, ನೇರಳೆ ದೀಪದ ಮೇಲಿಟ್ಟಾಗ ಒಂದರ ಕೆಳಗೊಂದು ಗೆರೆಗಳಾಗಿ ಹೊಳೆಯುತ್ತವೆ. ಅವಳ ಗೆರೆಗಳು ಚೆನ್ನಾಗಿ ಬಂದಿದ್ದವು, ದಪ್ಪಗೆ, ನೆಟ್ಟಗೆ. ಅವುಗಳ ನಡುವೆ, ಯಾರೂ ಕರೆಯದ ನೆಂಟನಂತೆ, ಒಂದು ಮಸುಕು ಗೆರೆ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ಮಸುಕು. ಪಿಎಚ್.ಡಿ. ಮಾಡುತ್ತಿದ್ದ ಭಾನುಪ್ರಕಾಶ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ, "ಕೈ ತೋರಿಸು" ಎಂದ. ಯಾಕೆಂದು ಕೇಳುವ ಧೈರ್ಯವಿಲ್ಲದೆ ಗ್ಲೌಸು ಕಳಚಿ ತೋರಿಸಿದಳು. ಅವನು ಅವಳ ಮಣಿಕಟ್ಟು ಹಿಡಿದು ಅಂಗೈಯನ್ನು ದೀಪದ ಮುಂದೆ ಒಡ್ಡಿದ. ಅಂಗೈ ಹಳದಿ ಹಸುರಾಗಿ ಉರಿಯಿತು, ಹೆಬ್ಬೆರಳು, ಉಗುರಿನ ಬುಡ, ಕೈರೇಖೆಗಳೆಲ್ಲ. ಲ್ಯಾಬೆಲ್ಲ ನಕ್ಕಿತು. "ಅದು ವೈರಸ್ ಅಲ್ಲಪ್ಪಾ, ವರಲಕ್ಷ್ಮಿ ಅಮ್ಮನವರು! ಪಸುಪು ಬ್ಯಾಂಡ್!" ಪಸುಪು ಎಂದರೆ ಅರಿಶಿನ. ಹೆಸರು ಅಂಟಿಕೊಂಡಿತು. ಆಮೇಲೆ ಅವಳು ಎಷ್ಟು ಬಾರಿ ಜೆಲ್ ಓಡಿಸಿದರೂ ಅದೇ ಜಾಗದಲ್ಲಿ ಅದೇ ಮಸುಕು ಗೆರೆ ಬಂತು, ಪ್ರತಿ ಬಾರಿಯೂ ಯಾರಾದರೊಬ್ಬರು ಕೈಮುಗಿದರು. ಅರಿಶಿನ ಒಂದೇ ಜಾಗದಲ್ಲಿ ಗೆರೆಯಾಗಿ ಯಾಕೆ ನಿಲ್ಲುತ್ತದೆ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ನಗುವವರ ಮುಂದೆ ತರ್ಕ ಮಾಡುವವಳು ಇನ್ನಷ್ಟು ನಗೆಪಾಟಲಾಗುತ್ತಾಳೆಂಬುದು ಅವಳಿಗೆ ಗೊತ್ತಿತ್ತು. ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯ ಶಾಲೆಯಲ್ಲಿ 'ಕನ್ನಡ ಪಿಳ್ಳ', ಕನ್ನಡದ ಹುಡುಗಿ, ಎಂದು ಕರೆಸಿಕೊಂಡಾಗಲೂ, ಅಪ್ಪನ ಊರು ಗದಗಿಗೆ ಹೋದರೆ ಅಪ್ಪನ ಅಣ್ಣನ ಮಕ್ಕಳು ಅವಳ ತೆಲುಗು ರಾಗದ ಕನ್ನಡವನ್ನು ಅಣಕಿಸಿದಾಗಲೂ ಕಲಿತದ್ದು ಅದನ್ನೇ: ಸುಮ್ಮನಿರಬೇಕು, ಸುಮ್ಮನಿದ್ದರೆ ಮುಗಿಯುತ್ತದೆ.

ಲ್ಯಾಬಿನ ಮುಖ್ಯಸ್ಥರಾದ ಚಂದ್ರಮೌಳಿ ಸರ್ ಮಾತ್ರ ನಗುತ್ತಿರಲಿಲ್ಲ. ಅವರು ಒಳ್ಳೆಯವರು, ಅದೇ ಕಷ್ಟ. ಪಿಪೆಟ್ಟು ಹಿಡಿಯುವಾಗ ಅವಳ ಕೈ ನಡುಗಿದರೆ ತಮ್ಮ ಮೊಣಕೈಯನ್ನು ಮೇಜಿಗೂರಿ ತೋರಿಸಿ, "ನೋಡಮ್ಮಾ, ಹೀಗೆ ಇಟ್ಟರೆ ಭೂಮಿಯೇ ಹಿಡಿದುಕೊಳ್ಳತ್ತೆ" ಎಂದು ಕಲಿಸಿದವರು. ಮಸುಕು ಗೆರೆಯನ್ನು ನೋಡಿ, "ಪಾರ್ಷಿಯಲ್ ಡೈಜೆಷನ್ನು. ಕಿಣ್ವ ಕೆಲಸ ಅರ್ಧಕ್ಕೆ ಬಿಟ್ಟಿದೆ, ಅಷ್ಟೇ. ಕದಮ್ಮಾ?" ಎಂದಿದ್ದರು. ಪ್ರತಿ ಮಾತಿನ ಕೊನೆಗೂ ಅವರದೊಂದು 'ಕದಮ್ಮಾ' ಇರುತ್ತಿತ್ತು, ಅಲ್ಲವೇನಮ್ಮಾ ಎಂದು. ಅದಕ್ಕೆ ಅವಳದೊಂದು 'ಅವುನು ಸರ್', ಹೌದು ಎಂದು. ಅದು ಉತ್ತರವೆಂದು ಇಬ್ಬರಿಗೂ ಅನಿಸುತ್ತಿರಲಿಲ್ಲ. ಬಾಗಿಲು ಹಾಕಿದಾಗ ಚಿಲಕ ಮಾಡುವ ಸದ್ದಿನ ಹಾಗೆ ಅದು. ಅವರ ಕಣ್ಣು ದೂರದ ಒಂದು ಕಡೆ ನೆಟ್ಟಿತ್ತು: ಭೀಮಿಲಿಯ ಕಡಲ ದಂಡೆಯಲ್ಲಿ ಸೀಗಡಿ ಮರಿ ಬೆಳೆಸುವ ಬಾಬ್ಜಿಯವರ ತೊಟ್ಟಿಗಳ ಕಡೆ. ಒಮ್ಮೆ ಅವರೆಲ್ಲ ಅಲ್ಲಿಗೆ ಹೋಗಿದ್ದರು. ಬಾಬ್ಜಿ ಹಾಡುಹಗಲೇ ಟಾರ್ಪಾಲಿನ ಅಂಚೆತ್ತಿ, "ತಲೆ ಒಳಗೆ ಹಾಕಮ್ಮಾ, ನೋಡು ನನ್ನ ದೀಪಾವಳಿ" ಎಂದಿದ್ದರು. ಒಳಗಿನ ಕತ್ತಲಲ್ಲಿ ನೀರು ತಾನಾಗಿ ನೀಲಿಯಾಗಿ ಬೆಳಗುತ್ತಿತ್ತು. ಅಷ್ಟು ಚೆಂದದ್ದನ್ನು ಅವಳು ನೋಡಿರಲಿಲ್ಲ. ಆ ಬೆಳಕು ಬ್ಯಾಕ್ಟೀರಿಯಾದ್ದು. ಬೆಳಕು ಬಂದ ತೊಟ್ಟಿಯಲ್ಲಿ ಮರಿಗಳು ತಳಕ್ಕೆ ಇಳಿದು ಸಾಯುತ್ತವೆ. ಆ ಬ್ಯಾಕ್ಟೀರಿಯಾವನ್ನು ಹಿಡಿದು ಒಡೆಯುವ ವೈರಸ್ಸು ಅದೇ ನೀರಿನಲ್ಲಿ ಅವಳಿಗೆ ಸಿಕ್ಕಿತ್ತು. ಹೌದು, ಅವಳಿಗೇ. ಆ ವೈರಸ್ಸನ್ನು ಬೆಳೆಸಿ ತೊಟ್ಟಿಗೆ ಸುರಿದರೆ ಮರಿಗಳು ಬದುಕುತ್ತವೆ ಎಂಬುದು ಸರ್ ಅವರ ಕನಸು. ಔಷಧಿಯಿಲ್ಲ, ವಿಷವಿಲ್ಲ.

ಸೀಗಡಿ ಸಾಕಣೆಯ ಸಮ್ಮೇಳನ ನಡೆಯುತ್ತಿದ್ದ ಕಾಲೇಜಿಗೆ ಹೊರಟ ಆಟೋದಲ್ಲಿ ಕೂತಾಗ ಅಪ್ಪ ರಘುನಂದನ ಅವಳ ಪೋಸ್ಟರಿನ ಉದ್ದನೆಯ ಕೊಳವೆಯನ್ನು ಬಂದೂಕಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ನೌಕಾಪಡೆಯಿಂದ ನಿವೃತ್ತನಾಗಿ ಪೆಂಡುರ್ತಿಯಲ್ಲಿ ಮನೆ ಕಟ್ಟಿಕೊಂಡ ಮೇಲೂ ಅವನಿಗೆ ಯಾವುದನ್ನಾದರೂ ಕಾವಲು ಕಾಯದೆ ಪ್ರಯಾಣ ಮಾಡಲು ಬರುತ್ತಿರಲಿಲ್ಲ. ನಿನ್ನೆ ರತ್ನಾಚಲ್ ರೈಲಿನಲ್ಲೂ ಹಾಗೇ, ಗೋದಾವರಿಯ ಸೇತುವೆಯ ಮೇಲೆ ಎಲ್ಲರೂ ಕಿಟಕಿಗೆ ಹೋದಾಗ ಅವನು ಕೊಳವೆ ಬಿಟ್ಟು ಏಳಲಿಲ್ಲ. "ಮಗಳ, ಇವತ್ತ ನೀ ಮಾತಾಡಬೇಕೇನ, ನಿಮ್ಮ ಸರ್ ಮಾತಾಡ್ತಾರೇನ?" "ಸರ್ ಅಪ್ಪಾ. ನಾ ಸುಮ್ನ ನಿಂತಿರ್ತೇನಿ." "ಮಾಳಿಗಿ ಮ್ಯಾಲ ನನಗ ಹೇಳಿದಿ ನೋಡು, ಹಂಗ ಹೇಳಿಬಿಡು. ತಿಳಿತೈತಿ ಮಂದಿಗೆ." ಅವಳು ನಕ್ಕಳು. ಮಾಳಿಗೆ ಬೇರೆ. ಮಾಳಿಗೆಯ ಮೇಲೆ ಬೇರೆಯೇ ಒಬ್ಬ ಹುಡುಗಿ ಇರುತ್ತಾಳೆ, ಅವಳಿಗೆ ಕನ್ನಡ ಮಾತ್ರ ಬರುತ್ತದೆ, ಅಪ್ಪನ ಕನ್ನಡ.

ದೀಪಾವಳಿಗೆ ಮುಂಚಿನ ಒಂದು ಸಂಜೆ ಮಾಳಿಗೆಯ ಮೇಲೆ ಅಪ್ಪ ಬಟ್ಟೆ ಒಣಗಿಸುವ ನೈಲಾನ್ ಹಗ್ಗವನ್ನು ಬಿಚ್ಚಿ ಸುತ್ತುತ್ತಿದ್ದ. ಹಡಗಿನ ಮೇಲೆ ಹೆಬ್ಬಾವಿನಷ್ಟು ದಪ್ಪನೆಯ ಹಗ್ಗಗಳನ್ನು ಸುತ್ತಿದ ಕೈ. "ಹಗ್ಗಕ್ಕ ತಂದಽ ಒಂದು ಹುರಿ ಇರ್ತೈತಿ. ಹುರಿಗೆ ಎದುರು ಸುತ್ತಿದ್ಯೋ, ಹಾವಿನಂಗ ಎದ್ದು ನಿಂದರ್ತೈತಿ." ಅವಳಿಗೆ ಥಟ್ಟನೆ ಹೇಳಬೇಕೆನಿಸಿತು. "ನಮ್ಮ ಮೈಯಾಗಿನ ಒಂದೊಂದು ಕೋಶದಾಗೂ ಎರಡು ಮೀಟರ್ ದಾರ ಐತಿ ಅಪ್ಪಾ." "ಸುಳ್ಳ ಹೇಳಬ್ಯಾಡ." "ಖರೇನ. ಕಣ್ಣಿಗೆ ಕಾಣದ ಕೋಶ, ಅದರೊಳಗ ಎರಡು ಮೀಟರ್. ಸಣ್ಣ ಸಣ್ಣ ಪ್ರೋಟೀನ್ ಉಂಡಿಗೆ ಸುತ್ಕೊಂಡು, ಉಂಡಿ ಮ್ಯಾಲ ಉಂಡಿ ಪೇರಿಸ್ಕೊಂಡು ಕುಂತಿರ್ತೈತಿ. ಬ್ಯಾಕ್ಟೀರಿಯಾಕ್ಕ ಅಂಥಾ ಉಂಡಿ ಇಲ್ಲ. ನೀ ಹೇಳಿದಿ ನೋಡು, ಹುರಿ ಹೆಚ್ಚು ಕೊಟ್ಟು ಕೊಟ್ಟು ದಾರನ ತನ್ನ ಮ್ಯಾಲ ತಾನ ಮುದುಡಿಸ್ತೈತಿ." "ಮತ್ತ ನಿನ್ನ ವೈರಸ್ಸು?" "ಅದರದು ಪೈಲ್ವಾನರ ಕೆಲಸ. ಮೊದಲು ಖಾಲಿ ಡಬ್ಬಿ ಕಟ್ಕೋತೈತಿ. ಅದಕ್ಕ ತಲಿ ಅಂತೀವಿ. ತಲಿ ಬಾಯಾಗ ಒಂದು ಮೋಟರ್ ಕೂಡತೈತಿ, ದಾರ ಹಿಡಿದು ಒಳಗ ನೂಕ್ತೈತಿ, ನೂಕ್ತೈತಿ, ಒಳಗ ಜಾಗ ಇಲ್ಲದಂಗ ನೂಕ್ತೈತಿ. ಸೋಡಾ ಬಾಟ್ಲಿಗಿಂತ ಎಷ್ಟೋ ಪಟ್ಟು ಒತ್ತಡ ಇರ್ತೈತಿ ಒಳಗ." ಅಪ್ಪ ಸುತ್ತುವುದನ್ನು ನಿಲ್ಲಿಸಿದ್ದ. "ಎಲ್ಲಿ ಸಾಕು ಅಂತ ಅದಕ್ಕ ಹೆಂಗ ಗೊತ್ತಾಗ್ತೈತಿ?" ಇದೇ ಪ್ರಶ್ನೆ. ಇದನ್ನು ಲ್ಯಾಬಿನಲ್ಲಿ ಯಾರೂ ಕೇಳಿರಲಿಲ್ಲ. "ಎರಡು ಜಾತಿ ಅಪ್ಪಾ. ಒಂದು, ದಾರದ ಮ್ಯಾಲ ಗುರುತು ಇರ್ತೈತಿ, ಗುರುತಿಗೆ ಗುರುತಿಗೆ ಕತ್ತರಿಸ್ತೈತಿ. ಎಲ್ಲಾ ತಲಿಯಾಗೂ ಒಂದಽ ಅಳತಿ. ಇನ್ನೊಂದು, ಗುರುತು ಬರೇ ಶುರು ಮಾಡಾಕ. ಆಮ್ಯಾಲ ತಲಿ ತುಂಬೂ ಮಟ ತುಂಬತೈತಿ, ತುಂಬಿದಲ್ಲೇ ಕತ್ತರಿ. ಮುಂದಿನ ತಲಿ ಅಲ್ಲಿಂದ ಶುರು." "ಹಂಗಾರ ಎರಡನೇದು ನಿಮ್ಮವ್ವ ಸೂಟ್‌ಕೇಸ್ ತುಂಬಿದಂಗ. ಝಿಪ್ ಹರಿಯೂ ಮಟ!" ಕೆಳಗಿನಿಂದ ಅಮ್ಮ ರಾಜ್ಯಲಕ್ಷ್ಮಿಯ ದನಿ ಬಂತು: "ನನ್ನ ಹೆಸರು ಯಾಕೆ ಬಂತಂಡೀ ಅಲ್ಲಿ?" "ಹೊಗಳಾಕತ್ತೇವಿ!" ಎಂದು ಕೂಗಿ ಅಪ್ಪ ದನಿ ತಗ್ಗಿಸಿದ: "ಕೈಗೆ ಸಿಕ್ಕಿದ್ದೆಲ್ಲ ಒಳಗ. ಹ್ವಾದ ಸಲ ನಿಮ್ಮ ದೊಡ್ಡಮ್ಮನ ಪಟ್ಟಿ ಸೀರಿ ನಮ್ಮ ಸೂಟ್‌ಕೇಸಿನಾಗ ಬಂದಿತ್ತಿಲ್ಲೋ?"

ಅವಳ ನಗು ಅರ್ಧಕ್ಕೆ ನಿಂತಿತು. ಇನ್ನೊಬ್ಬರ ಮನೆಯ ಸೀರೆ. ಗುರುತು ನೋಡದೆ ತಲೆ ತುಂಬುವವರೆಗೆ ತುಂಬುವ ಜಾತಿ, ಒಮ್ಮೊಮ್ಮೆ ತಪ್ಪಿ, ತನ್ನದನ್ನು ಬಿಟ್ಟು ತಾನು ಒಡೆದ ಬ್ಯಾಕ್ಟೀರಿಯಾದ ದಾರವನ್ನೇ ಎಳೆದು ತುಂಬಿಕೊಳ್ಳುತ್ತದೆ. ಹೋಗಿ ಇನ್ನೊಂದು ಬ್ಯಾಕ್ಟೀರಿಯಾದೊಳಗೆ ಬಿಡುತ್ತದೆ. ಆ ದಾರದಲ್ಲಿ ವಿಷ ಮಾಡುವ ಗುಣವಿದ್ದರೆ, ಸಾಧುವಾಗಿದ್ದ ಬ್ಯಾಕ್ಟೀರಿಯಾಕ್ಕೂ ಆ ವಿಷ ಬರಬಹುದು. ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಇನ್ನೊಂದನ್ನೂ ಓದಿದ್ದಳು: ತಲೆ ತುಂಬುವ ಜಾತಿಯ ಡಿಎನ್ಎಯನ್ನು ತುಂಡರಿಸಿದರೆ, ಸಾಲಿನ ಮೊದಲ ತಲೆಗೆ ಮಾತ್ರ ಶುರುವಿನ ಗುರುತಿನಲ್ಲಿ ಕತ್ತರಿಸಿದ ತುದಿ ಇರುತ್ತದೆ, ಉಳಿದವಕ್ಕೆ ಇರುವುದಿಲ್ಲ. ಎಲ್ಲರಲ್ಲೂ ಇರುವ ತುಂಡುಗಳು ದಪ್ಪ ಗೆರೆಗಳಾಗುತ್ತವೆ. ಮೊದಲನೆಯವುಗಳಲ್ಲಿ ಮಾತ್ರ ಇರುವ ತುಂಡು ಏನಾಗಬೇಕು? ಮಸುಕು ಗೆರೆ. ಆದರೆ ಸರ್ ಹೇಳುತ್ತಿದ್ದದ್ದು, ಬರೆಸಿದ್ದು, ಬಾಬ್ಜಿಯವರಿಗೆ ಮಾತು ಕೊಟ್ಟದ್ದು ಒಂದೇ: ಇದು ಗುರುತು ನೋಡಿ ಕತ್ತರಿಸುವ ಜಾತಿ, ತನ್ನದನ್ನು ಮಾತ್ರ ಹೊರುತ್ತದೆ, ಕಣ್ಣು ಮುಚ್ಚಿ ತೊಟ್ಟಿಗೆ ಹಾಕಬಹುದು.

ದೀಪಾವಳಿಯ ರಜೆಗೆ ಲ್ಯಾಬು ಖಾಲಿಯಾದಾಗ ಅವಳು ಒಬ್ಬಳೇ ಹೋದಳು. ಕಾವಲುಗಾರನಿಗೆ ಏನೋ ಸುಳ್ಳು ಹೇಳಿದಳು, ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ತಾನೇ ಬೆರಗಾದಳು. ಆಯುಧಪೂಜೆಗೆ ಹಚ್ಚಿದ ಕುಂಕುಮ ಇನ್ನೂ ಮೆಷಿನ್ನುಗಳ ಹಣೆಯ ಮೇಲಿತ್ತು. ಒಂದರ ಮೇಲೊಂದು ಎರಡು ಗ್ಲೌಸು ತೊಟ್ಟಳು. ಕಿಣ್ವ ಅರ್ಧಕ್ಕೆ ಬಿಟ್ಟಿದ್ದರೆ, ಹೆಚ್ಚು ಕಿಣ್ವ ಹಾಕಿ ಹೆಚ್ಚು ಹೊತ್ತು ಇಟ್ಟರೆ ಆ ಗೆರೆ ಅಳಿಯಬೇಕು. ಇಟ್ಟಳು. ಗುರುತು ನೋಡಿ ಕತ್ತರಿಸುವ ಜಾತಿಯಾದರೆ ದಾರದ ಎರಡು ತುದಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಸಿ ಮಾಡಿ ತಟ್ಟನೆ ಐಸಿನಲ್ಲಿಟ್ಟರೆ ಬಿಟ್ಟುಕೊಂಡು ಗೆರೆಗಳ ಸಾಲು ಬದಲಾಗಬೇಕು. ಅದನ್ನೂ ಮಾಡಿದಳು. ಜೆಲ್ ಓಡುವಷ್ಟು ಹೊತ್ತು ಕಿಟಕಿಯಿಂದ ಬಂದರಿನ ಕ್ರೇನುಗಳು ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತಿ ಹಡಗಿನೊಳಗೆ ಇಳಿಸುವುದನ್ನು ನೋಡುತ್ತ ನಿಂತಳು. ದೇವರೇ, ಆ ಗೆರೆ ಹೋಗಿಬಿಡಲಿ ಎಂದು ಬೇಡಿಕೊಂಡದ್ದು ನಿಜ. ಹೋದರೆ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಆಮೇಲೆ ದೀಪ ಹಾಕಿದಳು.

ಇತ್ತು. ಅದೇ ಜಾಗದಲ್ಲಿ, ಅಷ್ಟೇ ಮಸುಕಾಗಿ, ಅಷ್ಟೇ ನೆಟ್ಟಗೆ. ಬಿಸಿ ಮಾಡಿದ ಸಾಲು, ಮಾಡದ ಸಾಲು, ಎರಡೂ ಅವಳಿಗಳ ಹಾಗಿದ್ದವು. ಬೇಡಿಕೊಂಡದ್ದು ಫಲಿಸದೆ ಹೋದದ್ದಕ್ಕೆ ಯಾರಾದರೂ ಅಷ್ಟು ಸಂತೋಷಪಟ್ಟದ್ದುಂಟೋ ಇಲ್ಲವೋ. ಆ ಕತ್ತಲೆ ಮೂಲೆಯಲ್ಲಿ ಅವಳು ಕೈ ಬಾಯಿಗೆ ಅಡ್ಡ ಹಿಡಿದು, ಗ್ಲೌಸಿನ ರಬ್ಬರು ವಾಸನೆಯೊಳಗೆ ಗಟ್ಟಿಯಾಗಿ ನಕ್ಕಳು. ಯಾರೂ ನೋಡದ ಒಂದು ಜೀವಿ, ಜೀವಿಯೆಂದು ಕರೆಯಬಹುದೋ ಬಾರದೋ ಎಂಬಂಥದ್ದು, ಭೀಮಿಲಿಯ ಉಪ್ಪು ನೀರಿನಲ್ಲಿ ಕೂತು ತನ್ನ ತಲೆಯನ್ನು ಹೇಗೆ ತುಂಬಿಕೊಳ್ಳುತ್ತದೆಂದು ಲೋಕದಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಅದು ತಿಂಗಳುಗಟ್ಟಲೆ ಒಂದೇ ಮಾತನ್ನು ಹೇಳುತ್ತ ಬಂದಿತ್ತು, ನಗುವವರಿಗೂ ನಾಚುವವರಿಗೂ, ದನಿ ಎತ್ತದೆ, ತಗ್ಗಿಸದೆ.

ಇಷ್ಟು ಗೊತ್ತಿದ್ದೂ ಬೆರಳು ತೊಳೆಯುವುದು ನಿಂತಿರಲಿಲ್ಲ. ರಜೆ ಮುಗಿದ ದಿನ ಸರ್ ಕೋಣೆಯ ಬಾಗಿಲಿಗೆ ಹೋಗಿದ್ದಳು. ಅವರು ಫೋನಿನಲ್ಲಿ ಬಾಬ್ಜಿಯವರಿಗೆ, "ವಿಜಯವಾಡದಲ್ಲಿ ಎಲ್ಲರ ಎದುರಿಗೇ ಹೇಳ್ತೀನಿ ನೋಡಿ" ಎನ್ನುತ್ತ ನಗುತ್ತಿದ್ದರು. ಕೈಸನ್ನೆಯಲ್ಲೇ ಏನಮ್ಮಾ ಎಂದರು. ಏನಿಲ್ಲ ಎಂದು ತಲೆಯಾಡಿಸಿ ಬಂದಳು. ಆಮೇಲೆ ಪೋಸ್ಟರು ಮಾಡುವಾಗ ಭಾನುಪ್ರಕಾಶ ಅವಳ ಪಕ್ಕದಲ್ಲೇ ಕೂತು ಜೆಲ್ಲಿನ ಚಿತ್ರದ ಕಾಂಟ್ರಾಸ್ಟ್ ಏರಿಸುತ್ತ ಹೋದ. ದಪ್ಪ ಗೆರೆಗಳು ಬೆಳ್ಳಗಾದವು, ಹಿನ್ನೆಲೆ ಕಪ್ಪಾಯಿತು, ಮಸುಕು ಗೆರೆ ಕಪ್ಪಿನಲ್ಲಿ ಮುಳುಗಿತು. "ಅಮ್ಮನವರ ನಿಮಜ್ಜನ ಆಯಿತು. ಓಕೆನಾ?" ಎಂದ. ಅವಳು 'ಹ್ಞೂ' ಎಂದಳು. ಒಂದಕ್ಷರವೂ ಅಲ್ಲ, ಮೂಗಿನ ಸದ್ದು. ಆ ಸದ್ದು ಈಗ ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾಗಿ, ಸುರುಳಿಯಾಗಿ, ಅಪ್ಪನ ತೊಡೆಯ ಮೇಲೆ ಕೂತು ವಿಜಯವಾಡದ ಬಂದರು ರೋಡಿನ ಗುಂಡಿಗಳಿಗೆ ಕುಲುಕುತ್ತಿತ್ತು.

ಕಾಲೇಜಿನ ಸಭಾಂಗಣದಲ್ಲಿ ಸಾಲಾಗಿ ಬೋರ್ಡುಗಳು. ಅಪ್ಪ ಪೋಸ್ಟರಿನ ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿ, ಹಿಂದೆ ಸರಿದು ಓರೆಯಾಗಿದೆಯೇನೋ ಎಂದು ಕಣ್ಣಳತೆ ನೋಡಿ, "ನಾ ಹೊರಗ ಚಾ ಕುಡೀತಿರ್ತೇನಿ" ಎಂದು ಹೋದ. ಫ್ಲೆಕ್ಸ್ ಅಂಗಡಿಯವನು ಚುನಾವಣೆಯ ಬ್ಯಾನರಿಗೆ ಹಾಕುವ ಹಾಗೆ ಸುತ್ತ ಚಿನ್ನದ ಬಣ್ಣದ ಅಂಚು ಹಾಕಿಬಿಟ್ಟಿದ್ದ. ಅದರ ನಡುವೆ ಅವಳ ಜೆಲ್ಲು, ಶುದ್ಧವಾಗಿ, ಸುಳ್ಳಾಗಿ. ಪಕ್ಕದಲ್ಲಿ ವೈರಸ್ಸಿನ ಚಿತ್ರ, ಗುರುತಿಗೆ ಕತ್ತರಿಸಿದ ದಾರದ ಸಮೇತ. ತನ್ನೊಳಗಿನ ಮಾತೂ ಹೀಗೇ ಒತ್ತಿ ತುಂಬಿದ್ದು ಎಂದು ಹೋಲಿಸಿಕೊಳ್ಳಲು ಹೋಗಿ ಅವಳಿಗೆ ಸಂಕೋಚವಾಯಿತು. ವೈರಸ್ಸಿಗೆ ಭಯವಿಲ್ಲ. ಅದು ತುಂಬುತ್ತದೆ, ಅಷ್ಟೇ. ಹೆದರುವುದು ತಾನು.

ಸರ್ ಬಂದರು, ಅವರೊಂದಿಗೆ ಭಾನುಪ್ರಕಾಶ, ಬಾಬ್ಜಿ, ಬಾಬ್ಜಿಯ ಹಿಂದೆ ಕಾಕಿನಾಡ, ನೆಲ್ಲೂರು ಕಡೆಯ ಹತ್ತಾರು ಮಂದಿ ಸೀಗಡಿ ಸಾಕುವವರು. ಎಲ್ಲರ ಮಾತೂ ತೆಲುಗು. ಬಾಬ್ಜಿ ಅವಳನ್ನು ನೋಡಿ ಕೈಯೆತ್ತಿ ನಕ್ಕರು. "ಇವಳೇ ನಮ್ಮ ಮಹಾಲಕ್ಷ್ಮಿ, ವೈರಸ್ಸು ಹಿಡಿದವಳು. ನಮ್ಮ ಹುಡುಗರಿಗೆ ಬಲೆ ಹಾಕಿದರೂ ಮೀನು ಬೀಳಲ್ಲ!" ನಗು ಎದ್ದಿತು. ಸರ್ ಹತ್ತು ನಿಮಿಷ ಚೆನ್ನಾಗಿ ಮಾತಾಡಿದರು. ಹೊಳೆಯುವ ನೀರಿನ ಬಗ್ಗೆ ಹೇಳುವಾಗ ಅವರ ದನಿ ನಿಜಕ್ಕೂ ಒದ್ದೆಯಾಯಿತು. ಕೊನೆಗೆ ಬಾಬ್ಜಿ ತಮ್ಮ ಒರಟು ಬೆರಳನ್ನು ಪೋಸ್ಟರಿನ ಮೇಲಿಟ್ಟು ಕೇಳಿದರು: "ಅದೆಲ್ಲ ಸರಿ ಸರ್. ಈ ಸೋಮವಾರದಿಂದ ನಾನು ಎಲ್ಲ ತೊಟ್ಟಿಗೂ ಹಾಕ್ತೀನಿ. ಇವರೂ ಹಾಕ್ತಾರಂತೆ. ಒಂದೇ ಮಾತು ಹೇಳಿ. ಇದು ತನ್ನದು ಬಿಟ್ಟು ಬೇರೆ ಏನನ್ನೂ ನನ್ನ ನೀರಿಗೆ ತರಲ್ಲ ತಾನೇ?"

"ತರಲ್ಲ," ಎಂದರು ಸರ್. "ಗುರುತಿಗೆ ಸರಿಯಾಗಿ ಕತ್ತರಿಸಿಕೊಳ್ಳತ್ತೆ. ಬೇರೆಯದಕ್ಕೆ ಒಳಗೆ ಜಾಗವೇ ಇಲ್ಲ." ಅಭ್ಯಾಸದಂತೆ ಅವಳ ಕಡೆ ತಿರುಗಿದರು. "ಕದಮ್ಮಾ?"

ಅವಳ ನಾಲಿಗೆ 'ಅವುನು' ಎಂಬುದರ ಮೊದಲ ಅಕ್ಷರಕ್ಕೆ ಆಗಲೇ ಎದ್ದಿತ್ತು. ಫ್ಯಾನು ತಿರುಗುತ್ತಿತ್ತು. ಬಾಬ್ಜಿಯವರ ಬೆರಳು ಪೋಸ್ಟರಿನ ಕಪ್ಪು ಜಾಗದ ಮೇಲಿತ್ತು, ಎಲ್ಲಿ ಆ ಮಸುಕು ಗೆರೆ ಇರಬೇಕಿತ್ತೋ ಸರಿಯಾಗಿ ಅಲ್ಲಿ, ಅವರಿಗೆ ಗೊತ್ತಿರಲಿಲ್ಲ. ಅಷ್ಟು ಮಂದಿಯ ನಡುವೆ ಅವಳೊಬ್ಬಳಿಗೆ ಗೊತ್ತಿತ್ತು. ಆ ತಿಳಿವಿನೊಂದಿಗೆ, ಕರೆಯದೆ, ದೀಪಾವಳಿಯ ಆ ಕತ್ತಲೆ ಮೂಲೆಯ ಸಂತೋಷವೇ ಎದ್ದು ಬಂತು, ಭಯಕ್ಕಿಂತ ದೊಡ್ಡದಾಗಿ, ಎದೆಯಲ್ಲಿ ಬೇರೆ ಯಾವುದಕ್ಕೂ ಜಾಗ ಬಿಡದ ಹಾಗೆ. ಭಾನುಪ್ರಕಾಶ ಅವಳ ಮುಖ ನೋಡಿ ನಗುವುದನ್ನು ನಿಲ್ಲಿಸಿದ. ಸರ್ ಹುಬ್ಬು ಮೇಲೇರಿತು, ಸಿಟ್ಟಿನಿಂದಲ್ಲ, ಮೊದಲ ಬಾರಿಗೆ ಅವಳ ಉತ್ತರಕ್ಕೆ ಕಾಯುತ್ತಿರುವವರ ಹಾಗೆ. ಅವಳು ದನಿ ಎತ್ತಲಿಲ್ಲ, ತಗ್ಗಿಸಲೂ ಇಲ್ಲ.

"ಅಲ್ಲ ಸರ್. ನಮ್ಮ ಚಿತ್ರ ತಪ್ಪು. ಇದು ಗುರುತು ನೋಡಿ ನಿಲ್ಲಿಸೋ ಜಾತಿಯಲ್ಲ, ತಲೆ ತುಂಬೋವರೆಗೂ ತುಂಬಿಕೊಳ್ಳೋ ಜಾತಿ. ಬ್ಯಾಕ್ಟೀರಿಯಾದ್ದನ್ನೂ ಹೊತ್ತು ತರಬಹುದು. ಬಾಬ್ಜಿಗಾರೂ, ನೀರಿಗೆ ಹಾಕಬೇಡಿ."